ಮೊದಲ ಕೆಲಸಕ್ಕೆ ಮೂರು ಊರಿನ ಸಲಹೆ

ನಮ್ಮವರಲ್ಲಿ ಕೆಲಸ ಸಿಗುವುದು ಒಬ್ಬರಿಗೆ, ಅದನ್ನು ತೂಗಿ ನೋಡುವವರು ಊರ ತುಂಬ. ನನ್ನ ಪಾಲಿಗೂ ಇದು ತಪ್ಪಲಿಲ್ಲ.

ನಾನು ಓದಿದ್ದು ಫಿಸಿಶಿಯನ್ ಅಸಿಸ್ಟೆಂಟ್ ಕೋರ್ಸು. ಅಂದರೆ ರೋಗಿಗಳನ್ನು ನಾನೇ ನೋಡುತ್ತೇನೆ, ಆದರೆ ಹಿರಿಯ ಡಾಕ್ಟರೊಬ್ಬರ ಉಸ್ತುವಾರಿಯಲ್ಲಿ. ಆಸ್ಟ್ರೇಲಿಯಾದಲ್ಲಿ ಇಂಥ ಕೆಲಸಗಳೇ ಕಡಿಮೆ. ಅಂಥದ್ದರಲ್ಲಿ ಬ್ರಿಸ್ಬೇನಿನ ಒಂದು ಮನೋರೋಗ ಚಿಕಿತ್ಸೆಯ ಕ್ಲಿನಿಕ್ಕಿನಿಂದ ಆಫರ್ ಬಂತು. ಆಸೆಯೂ ಆಯಿತು, ಭಯವೂ ಆಯಿತು. ಕಷ್ಟ ಹೇಳಿಕೊಳ್ಳಲು ಬಂದವರ ಮುಂದೆ ನನ್ನೊಬ್ಬಳನ್ನೇ ಕೂರಿಸಿ ಡಾಕ್ಟರು ಮಾಯವಾದರೆ ಏನು ಗತಿ? ಒಪ್ಪಲೋ ಬೇಡವೋ ತಿಳಿಯದೆ ಒದ್ದಾಡುತ್ತಿದ್ದೆ.

೧. ಬೇಳೆ ಮೂಟೆಗಳ ಹಿಂದೆ

ನಮ್ಮ ಮನೆ ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ. ಅಲ್ಲಿನ ಇಂಡಿಯನ್ ದಿನಸಿ ಅಂಗಡಿಯಲ್ಲಿ ಅಮ್ಮ ಸುದ್ದಿ ಹೇಳಿದ್ದೇ ತಡ, ಪರಿಚಯದ ಆಂಟಿಯೊಬ್ಬರು ನನ್ನನ್ನು ಬೇಳೆ ಮೂಟೆಗಳ ಹಿಂದಕ್ಕೆ ಕರೆದರು.

“ನನಗಲ್ಲಮ್ಮ, ನನ್ನ ಫ್ರೆಂಡ್ ಒಬ್ಬಳಿಗೆ. ನಿದ್ದೆನೇ ಬರಲ್ವಂತೆ. ಏನ್ಮಾಡ್ಬೇಕು?”

“ಅವರ ಫ್ಯಾಮಿಲಿ ಡಾಕ್ಟರ್ ಹತ್ರ ಹೋಗೋಕೆ ಹೇಳಿ ಆಂಟಿ,” ಎಂದೆ.

ಹೊರಗೆ ಕಾರಿನ ಹತ್ತಿರ ಅವರ ಯಜಮಾನರು ನಿಂತಿದ್ದರು. ಆಚೀಚೆ ನೋಡಿ ಪಿಸುಗುಟ್ಟಿದರು: “ನನಗಲ್ಲಮ್ಮ, ನನ್ನ ಫ್ರೆಂಡ್ ಒಬ್ಬನಿಗೆ. ಹೆಂಡ್ತಿ ತನಗೆ ನಿದ್ದೆ ಬರಲ್ಲ ಅಂತ ಅವನನ್ನೂ ಎಬ್ಬಿಸಿ ಕೂರಿಸ್ತಾಳಂತೆ.”

೨. ಹೆಲ್ಮೆಟ್ಟು

ಪರ್ತ್‌ನಿಂದ ಚಿಕ್ಕಪ್ಪ ಫೋನ್ ಮಾಡಿದರು. ಗಣಿ ಕಂಪನಿಯಲ್ಲಿ ಜಿಯಾಲಜಿಸ್ಟ್ ಆಗಿರುವ ಅವರಿಗೆ ಲೋಕದ ಎಲ್ಲ ಕೆಲಸವೂ ಗಣಿ ಕೆಲಸವೇ.

“ರೋಸ್ಟರ್ ಹೇಗೆ? ಎರಡು ವಾರ ಆನ್, ಒಂದು ವಾರ ಆಫಾ?”

“ಸೋಮವಾರದಿಂದ ಶುಕ್ರವಾರ, ಚಿಕ್ಕಪ್ಪ.”

“ಬೂಟ್ಸು, ಹೆಲ್ಮೆಟ್ಟು ಅವರೇ ಕೊಡ್ತಾರಾ?”

“ಕುರ್ಚಿ ಕೊಡ್ತಾರೆ. ಜನ ಮಾತಾಡ್ತಾರೆ, ನಾನು ಕೇಳಿಸ್ಕೋಬೇಕು.”

“ಅದಕ್ಕಿಂತ ಕಲ್ಲೇ ವಾಸಿ ಕಣೇ. ಎಷ್ಟು ಕುಟ್ಟಿದ್ರೂ ಅಪ್ಪ ಅಮ್ಮನ ಮೇಲೆ ದೂರು ಹೇಳಲ್ಲ,” ಎಂದರು ಚಿಕ್ಕಪ್ಪ.

೩. ದೊಡ್ಡಮ್ಮನ ವಿಚಾರಣೆ

ಉತ್ತರ ಹೇಳುವ ಮೊದಲು ಒಮ್ಮೆ ಬಂದು ನೋಡಿ ಎಂದು ಕ್ಲಿನಿಕ್ಕಿನ ಡಾಕ್ಟರು ಕರೆದಿದ್ದರು. ಅಲ್ಲಿಯವರೆಗೆ ಫೋನಿನಲ್ಲಷ್ಟೇ ಮಾತಾಗಿತ್ತು, ನನ್ನ ಮುಖವನ್ನು ಅವರು ನೋಡಿರಲಿಲ್ಲ. ವಿಮಾನ ಹತ್ತಿ ಬ್ರಿಸ್ಬೇನಿಗೆ ಹೋದೆ. ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯ ಆ ಕ್ಲಿನಿಕ್ಕಿಗೆ ಅದೇ ಊರಿನಲ್ಲಿರುವ ದೊಡ್ಡಮ್ಮನೇ ಕಾರಿನಲ್ಲಿ ಕರೆದೊಯ್ದರು. ಹೆಣ್ಣು ಕೊಡುವ ಮೊದಲು ಗಂಡಿನ ಮನೆಯನ್ನು ವಿಚಾರಿಸುವ ಪದ್ಧತಿ ನಮ್ಮದಲ್ಲವೇ? ದೊಡ್ಡಮ್ಮ ಅದಕ್ಕೆಂದೇ ರೇಷ್ಮೆ ಸೀರೆ ಉಟ್ಟು, ಒಂದು ಡಬ್ಬಿ ಚಕ್ಕುಲಿ ಹಿಡಿದು ಬಂದಿದ್ದರು.

ರಿಸೆಪ್ಷನಿಸ್ಟ್ ನನಗೆ ಒಳಗಿನ ರೂಮುಗಳನ್ನೆಲ್ಲ ತೋರಿಸಿದಳು. ತಿರುಗಿ ಬಂದಾಗ ಡಾಕ್ಟರು ದೊಡ್ಡಮ್ಮನ ಪಕ್ಕ ಕೂತು, ಚಕ್ಕುಲಿ ಕೈಯಲ್ಲಿ ಹಿಡಿದು, ಗಂಭೀರವಾಗಿ ತಲೆಯಾಡಿಸುತ್ತಿದ್ದರು.

“ನಮ್ಮ ಹುಡುಗಿ ಒಳ್ಳೆಯವಳೇ. ಆದ್ರೆ ಈಚೆಗೆ ಊಟ ಸರಿಯಿಲ್ಲ, ನಿದ್ದೆ ಸರಿಯಿಲ್ಲ. ಏನು ಕೇಳಿದ್ರೂ ಬೇಕೋ ಬೇಡವೋ ಗೊತ್ತಿಲ್ಲ ಅಂತಾಳೆ,” ಎಂದು ದೊಡ್ಡಮ್ಮ ತಮ್ಮ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. “ನಿಮ್ಮನ್ನ ನಂಬಿ ಕರ್ಕೊಂಡು ಬಂದಿದ್ದೀನಿ. ಒಬ್ಬಳನ್ನೇ ಬಿಟ್ಟುಬಿಡಲ್ಲ ತಾನೇ?”

ನಾನು ಕೇಳಲಾಗದೆ ನುಂಗಿಕೊಂಡಿದ್ದ ಪ್ರಶ್ನೆ ಅದೇ.

“ಖಂಡಿತ ಬಿಡಲ್ಲ. ನಾನು ಪಕ್ಕದ ರೂಮಿನಲ್ಲೇ ಇರ್ತೀನಿ. ಯಾವಾಗ ಬೇಕಾದ್ರೂ ಬಾಗಿಲು ತಟ್ಟಲಿ,” ಎಂದರು ಡಾಕ್ಟರು.

ನನಗೆ ಎಷ್ಟು ಸಮಾಧಾನವಾಯಿತೆಂದರೆ, ನಗುತ್ತಾ ಎದುರಿಗೆ ಹೋಗಿ ನಿಂತೆ. ಡಾಕ್ಟರು ಎದ್ದು, ಬಹಳ ಮೃದುವಾಗಿ ಕೇಳಿದರು: “ಹೆದರಬೇಡಿ, ಕೂತ್ಕೊಳ್ಳಿ. ಈ ತೊಂದರೆ ಯಾವಾಗಿನಿಂದ ಇದೆ?”

“ನೀವು ಕೆಲಸದ ಆಫರ್ ಕಳಿಸಿದ ದಿನದಿಂದ,” ಎಂದೆ.

ಡಾಕ್ಟರ ಮುಖ ಕೆಂಪಾಯಿತು. ಹೊಸ ರೋಗಿಯ ಮನೆಯವರೆಂದುಕೊಂಡು ಅವರು ಅಷ್ಟು ಹೊತ್ತೂ ದೊಡ್ಡಮ್ಮನ ಮಾತನ್ನು ತಾಳ್ಮೆಯಿಂದ ಕೇಳಿದ್ದರು. ನಕ್ಕು ಸುಧಾರಿಸಿಕೊಂಡ ಮೇಲೆ, “ಪಕ್ಕದ ರೂಮಿನಲ್ಲೇ ಇರ್ತೀನಿ ಅಂದಿದ್ದು ನಿಮಗೂ ಅನ್ವಯಿಸುತ್ತೆ,” ಎಂದರು. ಅಲ್ಲೇ ಒಪ್ಪಿಕೊಂಡೆ.

ಕಾರು ಹತ್ತುವಾಗ ದೊಡ್ಡಮ್ಮ ತೀರ್ಪು ಕೊಟ್ಟರು: “ಒಳ್ಳೇ ಜಾಗ ಕಣೇ, ಧೈರ್ಯವಾಗಿ ಸೇರ್ಕೋ. ಕೆಲಸ ಹಿಡಿಸಲಿಲ್ಲ ಅಂದ್ರೂ ಟ್ರೀಟ್‌ಮೆಂಟ್‌ಗೆ ಇಲ್ಲಿಗೇ ಬರಬಹುದು.”