ಕಿರ್ರೆಂದ ಶಾಫ್ಟು

ಗದ್ದೆಗೆ ಹೊರಡುವ ಮೊದಲು ಅಂಗಳದಲ್ಲಿ, ಮಣ್ಣು ಹದ ಮಾಡುವ ರೋಟವೇಟರನ್ನು ಒಮ್ಮೆ ತಿರುಗಿಸಿ ನೋಡಿದ್ದೇ ತಪ್ಪಾಯಿತು. ಟ್ರ್ಯಾಕ್ಟರಿನಿಂದ ಅದಕ್ಕೆ ಹೋಗುವ ಶಾಫ್ಟು ಕಿರ್ರೆಂದಿತು. ಬೇರೆ ಯಾರೇ ಆಗಿದ್ದರೂ ಕೇಳಿಸದವರ ಹಾಗೆ ಹೋಗುತ್ತಿದ್ದರು. ಆದರೆ ಸೀಟಿನ ಮೇಲೆ ಕೂತಿದ್ದವನು ಗ್ರೀಸಣ್ಣ. ಒಣ ಕಬ್ಬಿಣದ ಸದ್ದು ಕೇಳಿದರೆ ತನ್ನ ಹಲ್ಲನ್ನೇ ಯಾರೋ ಅರದಿಂದ ಉಜ್ಜಿದ ಹಾಗೆ ಒದ್ದಾಡುವ ಪ್ರಾಣಿ. ಆ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ.

ಟ್ರ್ಯಾಕ್ಟರು, ರೋಟವೇಟರು ಎರಡೂ ಬೀದಿಯ ನಾಲ್ಕು ಮನೆಯವರು ಕೂಡಿ ಕೊಂಡದ್ದು. ಒಂದೊಂದು ಮನೆಗೆ ಒಂದೊಂದು ದಿನ; ಸಂಜೆಯಾದರೆ ಮುಂದಿನವರ ಸರದಿ. ನಾಲ್ವರ ಆಸ್ತಿಯಾದ್ದರಿಂದ ಗ್ರೀಸ್ ಹಾಕುವುದು ಯಾವಾಗಲೂ ಮಿಕ್ಕ ಮೂವರ ಕೆಲಸವಾಗಿತ್ತು.

ಹೆಂಡತಿ ಬಾಗಿಲಿಗೆ ಬಂದಳು. "ರೀ, ಬೀಜ ಮೊಳಕೆ ಬಂದು ಕೂತಿದೆ. ಇವತ್ತು ಗದ್ದೆ ಹದ ಆಗದಿದ್ರೆ ಅಷ್ಟೂ ಕೊಳೆತು ಹೋಗುತ್ತೆ. ಮೊದಲು ಗದ್ದೆ, ಆಮೇಲೆ ನಿಮ್ಮ ಗ್ರೀಸು."

"ನಾಲ್ಕು ಸಲ ಒತ್ತಿದ್ರೆ ಮುಗೀತು ಕಣೆ."

ಎಂಜಿನ್ ಆರಿಸಿ, ಗ್ರೀಸ್ ಗನ್ನನ್ನು ಶಾಫ್ಟಿನ ಪುಟ್ಟ ಮೂತಿಗೆ, ಅದೇ ನಿಪ್ಪಲ್ಲಿಗೆ, ಇಟ್ಟು ಒತ್ತಿದ. ನಿಪ್ಪಲ್ಲಿನ ಬಾಯಲ್ಲಿ ಮಣ್ಣು ಗಟ್ಟಿಯಾಗಿತ್ತು. ಒಳಗೆ ಹೋಗಬೇಕಾದ ಗ್ರೀಸು ಅವನ ಅಂಗಿಯ ಮೇಲೆ ಬಂತು.

ಎದುರುಮನೆಯ ದರ್ಜಿ ಹೊಲಿಗೆ ಬಿಟ್ಟು ಓಡಿಬಂದ. ಮುಂದಿನ ಸರದಿ ಅವನದೇ ಆದ್ದರಿಂದ ಕಾಳಜಿ ಸ್ವಲ್ಪ ಜಾಸ್ತಿ. "ತಡಿ ಅಣ್ಣಾ, ಸೂಜಿ ಹಾಕಿ ಕೆರೆದ್ರೆ ಮಣ್ಣು ಬರುತ್ತೆ."

ಸೂಜಿ ಬಂತು, ಮಣ್ಣು ಬರಲಿಲ್ಲ. ಇನ್ನೊಮ್ಮೆ ಕೆರೆದಾಗ ಅರ್ಧ ಸೂಜಿ ನಿಪ್ಪಲ್ಲಿನೊಳಗೇ ಉಳಿಯಿತು. "ಛೆ, ಒಳ್ಳೆ ಸೂಜಿ," ಎಂದು ದರ್ಜಿ ಮರುಗಿದ.

ಈಗ ನಿಪ್ಪಲ್ಲನ್ನೇ ಬದಲಿಸಬೇಕು. ಅದಕ್ಕೆ ಶಾಫ್ಟು ಕೆಳಗಿಳಿಯಬೇಕು. ಇಳಿಸುವ ಗದ್ದಲಕ್ಕೆ ನಿವೃತ್ತ ಮೇಷ್ಟ್ರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಂದರು.

"ಬಿಚ್ಚಿದ್ದೀಯ, ಸಂತೋಷ. ಆದರೆ ಇದರ ಎರಡು ಕೊಳವೆ ಒಂದರೊಳಗೊಂದು ಜಾರಬೇಕಲ್ಲಪ್ಪ. ಜಾರುತ್ತಾ?"

ಜಾರಲಿಲ್ಲ. ತುಕ್ಕು ಹಿಡಿದ ಎರಡು ಕೊಳವೆಗಳೂ ಹೊಸ ದಂಪತಿಯ ಹಾಗೆ ಅಂಟಿಕೊಂಡಿದ್ದವು. ಅದನ್ನು ಕಂಡಮೇಲೆ ಹಾಗೇ ಬಿಡುವುದು ಗ್ರೀಸಣ್ಣನಿಂದ ಆಗುವ ಮಾತಲ್ಲ.

ಹೊತ್ತು ನೆತ್ತಿಗೇರಿದಾಗ ಹೆಂಡತಿ ಮತ್ತೆ ಬಂದಳು. ನೆಲದ ಮೇಲೆ ಮಲಗಿದ್ದ ಶಾಫ್ಟನ್ನೂ ಅದರ ಪಕ್ಕ ಮಲಗಿದ್ದ ಗಂಡನನ್ನೂ ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಒಂದು ತುದಿಗೆ ಗ್ರೀಸಣ್ಣ, ಇನ್ನೊಂದು ತುದಿಗೆ ದರ್ಜಿ ಮತ್ತು ಮೇಷ್ಟ್ರು. ಮೂವರೂ ಉಸಿರು ಕಟ್ಟಿ ಎಳೆದರು. ಶಾಫ್ಟು ಹೇಳದೆ ಕೇಳದೆ ಬಿಟ್ಟುಕೊಂಡಿತು. ದರ್ಜಿ ನೀರಿನ ತೊಟ್ಟಿಯಲ್ಲಿ ಕೂತ, ಮೇಷ್ಟ್ರು ದರ್ಜಿಯ ಮೇಲೆ ಕೂತರು, ಗ್ರೀಸಣ್ಣ ಗ್ರೀಸಿನ ಡಬ್ಬಿಯ ಮೇಲೆ.

ತುಕ್ಕು ತಿಕ್ಕಿ, ಒರೆಸಿ, ಗ್ರೀಸ್ ಹಚ್ಚಿ, ಸೇರಿಸಿ, ಹೊಸ ನಿಪ್ಪಲ್ಲು ಕೂರಿಸಿ, ಜೋಡಿಸಿ ಎಂಜಿನ್ ಹಾಕಿದರೆ ಇಡೀ ಟ್ರ್ಯಾಕ್ಟರು ಚಳಿಜ್ವರ ಬಂದವರಂತೆ ನಡುಗಿತು.

"ಶಾಫ್ಟಿನ ಎರಡು ತುದಿಯ ಕವಲೂ ಒಂದೇ ನೇರಕ್ಕೆ ಇರಬೇಕಪ್ಪ," ಎಂದರು ಮೇಷ್ಟ್ರು. "ಒಂದು ಆಕಾಶ ನೋಡ್ತಾ ಇದ್ರೆ ಇನ್ನೊಂದು ಪಕ್ಕದ ಮನೆ ನೋಡಬಾರದು."

"ಸೇರಿಸುವಾಗಲೇ ಹೇಳಬಾರದಿತ್ತಾ ಮೇಷ್ಟ್ರೇ?"

"ನೀನು ಕೇಳಲಿಲ್ಲವಲ್ಲ."

ಮತ್ತೆ ಬಿಚ್ಚಿದ, ಮತ್ತೆ ಸೇರಿಸಿದ. ಸೊಂಟ ನೆಟ್ಟಗಾಗುವುದನ್ನು ಮರೆತಿತ್ತು. ಕೊನೆಗೊಮ್ಮೆ ಶಾಫ್ಟು ಚೂರೂ ಸದ್ದಿಲ್ಲದೆ ತಿರುಗಿದಾಗ ಅವನ ಕಣ್ಣು ತುಂಬಿಬಂತು. ಒರೆಸಿಕೊಂಡು ನೋಡಿದರೆ ಸೂರ್ಯ ಮುಳುಗಿದ್ದ, ದರ್ಜಿ ಸೀಟಿನ ಮೇಲೆ ಹತ್ತಿ ಕೂತಿದ್ದ.

"ಬರ್ತೀನಿ ಅಣ್ಣಾ. ನನ್ನ ಸರದಿ ಶುರುವಾಯ್ತು."

"ಒಂದೇ ಒಂದು ಗಂಟೆ ಬಿಟ್ಟುಕೊಡೋ, ನಿನ್ನ ದಮ್ಮಯ್ಯ!"

"ನನ್ನದೇನಿಲ್ಲಪ್ಪ. ಮೇಷ್ಟ್ರು ಏನಂತಾರೋ?"

"ನಿಯಮ ಅಂದ್ರೆ ನಿಯಮ," ಎಂದರು ಮೇಷ್ಟ್ರು. ದರ್ಜಿಯ ನಂತರದ ಸರದಿ ಅವರದು.

ಗ್ರೀಸಣ್ಣ ಜಗಲಿಯ ಮೇಲೆ ಕುಸಿದ. ಆ ಬೀಜ ಕೊಳೆತರೆ ಮನೆಯಲ್ಲಿ ಬೇರೆ ಬೀಜವಿಲ್ಲ. ಹೆಂಡತಿಗೆ ಯಾವ ಮುಖ ತೋರಿಸುವುದೋ ತಿಳಿಯದೆ, ಅವಳು ಬಂದಾಗ ಅವಳ ಕಾಲಿನ ಕಡೆಗೇ ನೋಡಿದ. ಮೊಣಕಾಲಿನವರೆಗೆ ಕೆಸರಾಗಿತ್ತು.

"ಏಳ್ರಿ. ಬೀಜ ಚೆಲ್ಲಿ ಆಯ್ತು."

"ಆಂ? ಗದ್ದೆ ಹದ ಮಾಡಿದ್ದು ಯಾರು?"

"ನನ್ನ ತಮ್ಮ. ಮಧ್ಯಾಹ್ನ ಹೋಗಿ ಕರೆದೆ, ಟ್ರ್ಯಾಕ್ಟರ್ ಹೊಡ್ಕೊಂಡು ಬಂದ. ಕೂತು ಏಳೋದ್ರಲ್ಲಿ ಮುಗಿಸಿಬಿಟ್ಟ."

ಗ್ರೀಸಣ್ಣನಿಗೆ ಹೋದ ಜೀವ ಬಂದಂತಾಯಿತು. "ಪುಣ್ಯಾತ್ಮ! ಅವನಿಗೆ ಏನು ಮಾಡಿದ್ರೂ ಕಡಿಮೆಯೇ ಕಣೆ!"

"ಗೊತ್ತಿತ್ತು, ನೀವು ಹೀಗೇ ಅಂತೀರಿ ಅಂತ. ಆಗಲೇ ಒಪ್ಪಿಕೊಂಡು ಬಂದಿದ್ದೀನಿ."

ಅಷ್ಟರಲ್ಲಿ ಭಾಮೈದನ ಟ್ರ್ಯಾಕ್ಟರು ಅಂಗಳಕ್ಕೆ ಬಂದು ನಿಂತಿತು. ಅವನು ಸೀಟಿನ ಮೇಲಿಂದಲೇ ತನ್ನ ರೋಟವೇಟರನ್ನು ಒಂದು ಸುತ್ತು ತಿರುಗಿಸಿ ತೋರಿಸಿದ. ಮರದ ಮೇಲಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದುಹೋದವು.

"ಭಾವ, ತಂದಾಗಿನಿಂದ ಈ ಶಾಫ್ಟಿಗೆ ಒಂದು ತೊಟ್ಟು ಗ್ರೀಸ್ ತೋರಿಸಿಲ್ಲ," ಎಂದ ಅವನು ಕೆಳಗಿಳಿಯುತ್ತ. "ಬೆಳಗಾಗೋದ್ರಲ್ಲಿ ಆದ್ರೆ ಸಾಕು. ಅಕ್ಕ ಹೇಳಿದ್ಲು, ಈ ಕೆಲಸ ಅಂದ್ರೆ ನಿಮಗೆ ಊಟ ನಿದ್ದೆ ಏನೂ ಬೇಡ್ವಂತೆ."

ಗ್ರೀಸಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಆಗಲೇ ಕಾಲು ತೊಳೆಯಲು ಹಿತ್ತಲಿಗೆ ಹೋಗಿದ್ದಳು.