ಕಾಮಣ್ಣನ ಪಾಲಾಗಲಿದ್ದ ಹೊರಸು

ಸಹನಾ, ಅಭಿ, ಸಿಂದಗಿಯಿಂದ ಫೋನ್ ಮಾಡಿದಾಗಲೆಲ್ಲ ನೀವು ಕೇಳುವುದು ಒಂದೇ ಮಾತು: ಹೋಳಿಯ ವಿಡಿಯೋದಲ್ಲಿ ಗುಲಾಲು ಮೆತ್ತಿಕೊಂಡು ಟ್ರ್ಯಾಕ್ಟರಿನ ಹಿಂದೆ ಓಡುತ್ತಿರುವ ಮುದುಕಿ ನೀನೇ ಏನು ಆಯಿ? ಫೋನಿನಲ್ಲಿ ಹೇಳಲು ನನಗೆ ನಾಚಿಕೆ. ಹಳ್ಳಿಯ ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ಬಾಯಿ ಬಿಡದೆ ಕೈ ಎತ್ತುತ್ತಿದ್ದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಹೌದು, ಅದು ನಾನೇ. ಆದರೆ ಓಡಿದ್ದು ಹಬ್ಬದ ಹುರುಪಿಗಲ್ಲ, ನಾನು ಮಲಗುವ ಹೊರಸಿಗಾಗಿ.

ಆ ಹಗ್ಗದ ಹೊರಸನ್ನು ನಿಮ್ಮ ಮುತ್ಯಾ ಕೈಯಾರೆ ಹೆಣೆದದ್ದು. ತಲೆಯ ಕಡೆ ಒಂದು ಗಂಟು ಉಬ್ಬಿಕೊಂಡಿದೆ. ಅವರಿದ್ದಾಗ ಅದು ಚುಚ್ಚುತ್ತದೆಂದು ಬೈಯುತ್ತಿದ್ದೆ, ಈಗ ಅದು ತಾಗದಿದ್ದರೆ ನಿದ್ದೆ ಹತ್ತುವುದಿಲ್ಲ. ಹೋಳಿ ಹುಣ್ಣಿಮೆಯ ದಿನವೇ ನಿಮ್ಮ ರೇಣುಕಾ ಅತ್ತೆಗೆ ತಿಗಣೆಯ ನೆನಪಾಗಬೇಕೆ? ಹೊರಸನ್ನು ಅಂಗಳದ ಬಿಸಿಲಿಗೆ ಹಾಕಿ ತವರಿಗೆ ಹೊರಟುಹೋದಳು. ಆ ದಿನ ಹೊರಗೆ ಸಿಕ್ಕ ಕಟ್ಟಿಗೆಯೆಲ್ಲ ಕಾಮಣ್ಣನದು. ಓಣಿಯ ಹುಡುಗರು ಕದ್ದೊಯ್ದು ಸುಟ್ಟರೂ ಬೈಯುವಂತಿಲ್ಲ. ಹಿಂದೊಮ್ಮೆ ಎದುರುಮನೆಯವರ ಬಚ್ಚಲಿನ ಬಾಗಿಲನ್ನೇ ಒಯ್ದಿದ್ದರು. ಪಾಪ, ಎಷ್ಟೋ ದಿನ ಸೀರೆ ಮರೆ ಕಟ್ಟಿಕೊಂಡು ಸ್ನಾನ ಮಾಡಿದರು. ನಾನು ಮಧ್ಯಾಹ್ನ ಒಂದು ಕಣ್ಣು ನಿದ್ದೆ ತೆಗೆದು ಏಳುವುದರೊಳಗೆ ಅಂಗಳ ಖಾಲಿ.

ಸಂಜೆ ಮುದ್ದೇಬಿಹಾಳದ ಪೇಟೆಯಲ್ಲಿ ಸೋಗಿನ ಮೆರವಣಿಗೆ. ವೇಷ ಹಾಕಿದವರನ್ನು ಟ್ರ್ಯಾಕ್ಟರುಗಳ ಮೇಲೆ ಊರೆಲ್ಲ ತಿರುಗಿಸಿ, ಅದು ಮುಗಿದ ಮೇಲೆ ಕಾಮಣ್ಣನಿಗೆ ಬೆಂಕಿ ಇಡುತ್ತಾರೆ. ಅದು ನಮ್ಮ ಓಣಿಗೆ ಬಂದಾಗ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಒಂದು ಟ್ರ್ಯಾಕ್ಟರಿನ ಮೇಲೆ ನನ್ನ ಹೊರಸು! ಅದರ ಮೇಲೆ ಪಕ್ಕದ ಮನೆಯ ಬಸು ಸೀರೆ ಉಟ್ಟು, ಬೆನ್ನು ಬಾಗಿಸಿ, ಮುದುಕಿಯಾಗಿ ಎಲೆ ಅಡಿಕೆ ಕುಟ್ಟುತ್ತ ಕುಳಿತಿದ್ದ. ಚಪ್ಪಲಿಯನ್ನೂ ಮೆಟ್ಟದೆ ಹೊರಬಿದ್ದೆ.

ಮುಂದೆ ಹಲಗೆಯ ಬಡಿತ, ಹಿಂದೆ ಡಿಜೆ, ನಡುವೆ ನಾನು. ಎದೆಯೊಳಗೇ ಯಾರೋ ಕುಟ್ಟಿದ ಹಾಗೆ ಸದ್ದು. ಯಾರೋ ಮುಖಕ್ಕೆ ಗುಲಾಲು ಎರಚಿದರು. ನಿಮ್ಮ ಮುತ್ಯಾ ಹೋದ ಮೇಲೆ ನನ್ನ ಮೈಗೆ ಬಣ್ಣ ತಾಗಿದ್ದು ಅದೇ ಮೊದಲು. ಅಳಬೇಕೋ ಬೈಯಬೇಕೋ ಎಂದು ಯೋಚಿಸಲೂ ಬಿಡದೆ ಇನ್ನೊಬ್ಬ ಹಸಿರು ಎರಚಿದ. ಹೋಳಿಯಲ್ಲಿ ಗಂಡಸರು ಹೆಣ್ಣುವೇಷ ಹಾಕುವುದು, ಕಾಮಣ್ಣ ಸತ್ತನೆಂದು ಬಾಯಿ ಬಡಿದುಕೊಳ್ಳುವುದು ವಾಡಿಕೆಯಲ್ಲವೆ? ಹೀಗಾಗಿ ನಾನು ಹೊರಸು ಹೊರಸು ಎಂದು ಕೂಗಿದರೆ ಎಲ್ಲರೂ ಬಾಯಿ ಬಡಿದುಕೊಂಡು ದನಿಗೂಡಿಸಿದರು. ಹೊರಸಿನ ಕಾಲು ಹಿಡಿದು ಎಳೆದರೆ ಚಪ್ಪಾಳೆ. ಒಬ್ಬನಂತೂ ನನ್ನ ಬೆನ್ನಿಗೆ ಗುದ್ದಿ, "ಭಾರೀ ಸೋಗು ಹಾಕೀಯಲೇ ದೋಸ್ತ. ಮೀಸಿ ಯಾವಾಗ ಬೋಳಿಸಿದಿ?" ಎಂದ.

ಚೌಕದಲ್ಲಿ ನನ್ನನ್ನೂ ವೇಷದವರ ಜೊತೆ ಕಟ್ಟೆ ಹತ್ತಿಸಿದರು. ಸೋಗಿನ ಸ್ಪರ್ಧೆಗೆ ತೀರ್ಪು ಕೊಡುವವರು ನಿವೃತ್ತ ಮಾಸ್ತರರೊಬ್ಬರು. ಮುದುಕಿ ಸೋಗಿಗೆ ಮೊದಲ ಬಹುಮಾನ ಬಸುವಿಗೆ, ಎರಡನೆಯದು ನನಗೆ. ಮೇಲಿಂದ ಮೈಕಿನಲ್ಲಿ ಬುದ್ಧಿಮಾತು ಬೇರೆ: "ಸೀರಿ ಉಟ್ಟಿದ್ದು ಚಲೋ ಐತಿ. ಖರೆ, ನಡಿಗಿ ಒಟ್ಟ ಮುದುಕೀದಲ್ಲ. ಬಸೂನ್ನ ನೋಡಿ ಕಲೀಬೇಕ."

ಆ ಕಡೆ ಕಟ್ಟಿಗೆಯ ರಾಶಿಯ ಹತ್ತಿರ ಆಗಲೇ ಪಂಜು ಹಚ್ಚಿದ್ದರು. ಹುಡುಗರು ಹೊರಸನ್ನು ಕೆಳಗಿಳಿಸುತ್ತಿದ್ದರು. ನಾಲ್ಕು ಜನರೆದುರು ಎಂದೂ ಮಾತಾಡದ ನಾನು ಮಾಸ್ತರರ ಕೈಯಿಂದ ಮೈಕ್ ಕಿತ್ತುಕೊಂಡೆ. "ಬಹುಮಾನ ಬ್ಯಾಡ್ರಿ ನನಗ. ನನ್ನ ಹೊರಸ ಕೊಡ್ರಿ. ನಮ್ಮ ಮನಿಯವ್ರು ಹೆಣದದ್ದೈತಿ."

ಊರೆಲ್ಲ ಕೇಳಿತು. ಬಸುವಿನ ಬೆನ್ನು ತಟ್ಟನೆ ನೆಟ್ಟಗಾಯಿತು. "ಇದು ಸೋಗ ಅಲ್ರಿ ಮಾಸ್ತರ," ಎಂದ. "ಖರೇನ ಬಾಜೂ ಮನಿ ಆಯಿ."

ಬಸು ಸೀರೆ ಎತ್ತಿ ಕಟ್ಟಿ, ಹೊರಸನ್ನು ತಲೆಯ ಮೇಲೆ ಹೊತ್ತು ಮನೆಗೆ ತಂದು ಹಾಕಿದ. ಮಾಸ್ತರರು ಕೈ ಮುಗಿದು ತಪ್ಪಾಯಿತೆಂದರು. ತೀರ್ಪು ಮಾತ್ರ ಬದಲಿಸಲಿಲ್ಲ.

ಗಂಟು ತಲೆಗೆ ತಾಗಿ ನಿದ್ದೆಯೇನೋ ಚೆನ್ನಾಗಿ ಬರುತ್ತಿದೆ. ಆದರೆ ಯಾರೂ ಇಲ್ಲದಾಗ ಹಿತ್ತಲಲ್ಲಿ ಬಸುವಿನ ಹಾಗೆ ಬೆನ್ನು ಬಾಗಿಸಿ ನಡೆದು ನೋಡುತ್ತೇನೆ, ಇನ್ನೂ ಸರಿಯಾಗಿ ಬಂದಿಲ್ಲ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ವಿಡಿಯೋ ನೋಡಿ ನಕ್ಕವರಿಗೆ ತೋರಿಸಲು ಬೇಕಾಗುತ್ತವೆ. ಕಟ್ಟಿಗೆಯ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ.