ಸೊಸೆ ಜೊತೆಗೊಂದು ಕರಡಿ

ಒಂದೇ ತಿಂಗಳಲ್ಲಿ ಅತ್ತೆಯ ಬಾಯಿಂದ ಅರಳು ಹುರಿದಂತೆ ಇಂಗ್ಲಿಷ್ ಉದುರಿಸದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಡಿಕ್ಷನರಿ ಘೋಷಿಸಿದ. ಅವನಿಗೆ ಮೀಸೆ ಇರಲಿಲ್ಲ. ಹಾಗಾಗಿ ಬಟ್ಟೆ ಮಡಚುತ್ತಿದ್ದ ಅವನ ಹೆಂಡತಿ ತಲೆ ಎತ್ತಿಯೂ ನೋಡಲಿಲ್ಲ.

ಡಿಕ್ಷನರಿ ಎನ್ನುವುದು ಛಾಪಖಾನೆಯವರು ಅವನಿಗಿಟ್ಟ ಹೆಸರು. ಅಲ್ಲಿ ಅವನು ಕರಡು ತಿದ್ದುತ್ತಿದ್ದ. ವರ್ಷಗಟ್ಟಲೆ ಬೇರೆಯವರ ತಪ್ಪು ಹುಡುಕಿಯೇ ಅನ್ನ ತಿಂದವನಿಗೆ ತನ್ನದೂ ಒಂದು ತಪ್ಪಿರಬಹುದೆಂದು ಸಂಶಯಪಡಲು ಪುರುಸೊತ್ತೇ ಸಿಕ್ಕಿರಲಿಲ್ಲ.

ಅತ್ತೆಗೆ ಇಂಗ್ಲಿಷ್ ಬೇಕಾಗಿದ್ದು ಸೊಸೆಗಾಗಿ. ಹಡಗಿನಲ್ಲಿ ಎಂಜಿನ್ ರಿಪೇರಿ ಮಾಡುವ ಅವರ ಮಗ ಯಾವುದೋ ಬಂದರಿನಲ್ಲಿ ಈಜು ಕಲಿಸುವ ಹುಡುಗಿಯನ್ನು ಮದುವೆಯಾಗಿದ್ದ. ಅವಳಿಗೆ ಬರುತ್ತಿದ್ದುದು ಇಂಗ್ಲಿಷ್ ಒಂದೇ, ಅತ್ತೆಗೆ ಬಾರದೇ ಇದ್ದುದೂ ಅದೊಂದೇ. ತಿಂಗಳ ಕೊನೆಗೆ ಇಬ್ಬರೂ ಮನೆಗೆ ಬರುವವರಿದ್ದರು. ಸೊಸೆಯ ಜೊತೆ ಮಾತಾಡುವುದಕ್ಕೆ ತನಗೆ ದಲ್ಲಾಳಿ ಬೇಡ, ನೇರವಾಗಿ ಒಂದು ಮಾತಾದರೂ ಆಡಬೇಕು ಎಂದು ಅತ್ತೆ ಹಟ ಹಿಡಿದಿದ್ದರು.

ಪಾಠ ಪ್ರಾಣಿಗಳಿಂದ ಶುರುವಾಯಿತು. ಬೆಕ್ಕು, ನಾಯಿಗಳನ್ನು ಮುಗಿಸಿ ಗುರುಶಿಷ್ಯರು ಕಾಡಿಗೆ ಕಾಲಿಟ್ಟರು. ಬೇರ್ ಎಂದರೆ ಕರಡಿ ಎಂದ ಡಿಕ್ಷನರಿ. ಮಣ್ಣಿನೊಳಗಿರಬೇಕಾದ ಬೇರಿಗೆ ಕೂದಲು, ಉಗುರು ಬಂದದ್ದು ಹೇಗೆಂದು ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು.

"ಇದಕ್ಕೆ ಇದೊಂದೇ ಅರ್ಥಾನಾ ಅಳಿಯಂದಿರೇ? ನಮ್ಮಲ್ಲಿ ಹತ್ತು ಅಂದ್ರೆ ಲೆಕ್ಕಾನೂ ಆಯ್ತು, ಮೆಟ್ಟಿಲು ಹತ್ತೋದೂ ಆಯ್ತು, ಬೆಂಕಿ ಹತ್ತೋದೂ ಆಯ್ತು."

ಅವನ ನಾಲಿಗೆ ಜಾರಿದ್ದು ಇಲ್ಲೇ. "ಅದು ನಮ್ಮ ಭಾಷೆ ಅವಾಂತರ, ಅತ್ತೆ. ಇಂಗ್ಲಿಷಲ್ಲಿ ಒಂದು ಪದಕ್ಕೆ ಒಂದೇ ಅರ್ಥ. ಕಣ್ಣು ಮುಚ್ಕೊಂಡು ನಂಬಿ."

ಹೊಸದಾಗಿ ಕಲಿಯುವವರು ಗಾಬರಿಯಾಗಬಾರದು, ಮುಂದೆ ತಿದ್ದಿದರಾಯಿತು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅತ್ತೆ ನಂಬಿದರು.

ಮರುದಿನ ಸೊಸೆಯ ಫೋನ್ ಬಂತು. ಫೋನು ಗೊರಗೊರ ಎನ್ನುತ್ತಿತ್ತು. ಆ ಸದ್ದಿನ ನಡುವೆ ಅವಳು "ಪ್ಲೀಸ್ ಬೇರ್ ವಿತ್ ಮಿ" ಎಂದಿದ್ದು ಅತ್ತೆಗೆ ಸ್ಪಷ್ಟವಾಗಿ ಕೇಳಿಸಿತು. ಒಂದೊಂದೇ ಪದವನ್ನು ಬಿಡಿಸಿ ನೋಡಿದರು. ಕರಡಿ, ಜೊತೆ, ನಾನು. ಫೋನಿಟ್ಟವರೇ ಅಳಿಯನ ಮುಂದೆ ಬಂದು ನಿಂತು, ಹುಡುಗಿ ಕರಡಿಯ ಜೊತೆ ಇದ್ದಾಳೆಯೇ ಎಂದು ಕೇಳಿದರು.

ಸ್ವಲ್ಪ ಸಹಿಸಿಕೊಳ್ಳಿ ಎಂದಿದ್ದಾಳೆ ಅಷ್ಟೇ ಎಂದುಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಿನ್ನೆಯ ಮಾತು ಗಂಟಲಲ್ಲಿ ಮುಳ್ಳಿನಂತೆ ಅಡ್ಡ ನಿಂತಿತು. ಒಂದೇ ದಿನದಲ್ಲಿ ಗುರುಪೀಠದಿಂದ ಇಳಿಯುವುದು ಹೇಗೆ? ಅವಳೊಂದು ಕರಡಿ ಸಾಕಿರಬೇಕು ಎಂದ ಡಿಕ್ಷನರಿ.

ಮುಂದಿನ ಫೋನಿನಲ್ಲಿ ಸೊಸೆ ಅಲ್ಲಿಯ ಸೆಖೆಯನ್ನು 'ಬೇರ್' ಮಾಡಲಾಗುವುದಿಲ್ಲ ಎಂದಳು. ಪಾಪ, ಅಷ್ಟು ಕೂದಲಿನ ಪ್ರಾಣಿ ಸೆಖೆಯಲ್ಲಿ ಹೇಗೆ ಇದ್ದೀತು ಎಂದು ಅತ್ತೆ ಮರುಗಿದರು. ಅದರ ಮುಂದಿನ ಸಲ ಹಿತ್ತಲಿನ ಮರ ಹಣ್ಣು ಬಿಟ್ಟಿದೆ ಎನ್ನುವುದಕ್ಕೂ ಅವಳು ಅದೇ ಪದ ಬಳಸಿದಳು. ಕರಡಿ ಮರ ಹತ್ತಿ ಹಣ್ಣು ತಿನ್ನುತ್ತದೆ ಎಂದು ಡಿಕ್ಷನರಿ ಅನುವಾದಿಸಿದ. ಈಗ ಅವನಿಗೂ ಅದರ ಮೇಲೆ ಸ್ವಲ್ಪ ಮಮತೆ ಹುಟ್ಟಿತ್ತು.

ಮಗನನ್ನೇ ಕೇಳಬಹುದಿತ್ತು. ಆದರೆ ಕೇಳಿದರೆ ಅಮ್ಮನಿಗೆ ಇಷ್ಟವಿಲ್ಲ ಎಂದುಕೊಂಡಾನು, ಹುಡುಗಿಗೂ ಬೇಜಾರಾದೀತು ಎಂದು ಅತ್ತೆ ಬಾಯಿ ಬಿಡಲಿಲ್ಲ. ಸದ್ದಿಲ್ಲದೆ ಸ್ವಾಗತದ ತಯಾರಿಗೆ ಇಳಿದರು. ಡಿಕ್ಷನರಿಯ ಓದುವ ಕೋಣೆ ಕರಡಿಯ ಪಾಲಾಯಿತು. ಅವನ ಪುಸ್ತಕಗಳು ಮಂಚದಡಿ ಸೇರಿದವು, ಅವನ ಉಣ್ಣೆಯ ಕಂಬಳಿ ಕರಡಿಯ ಹಾಸಿಗೆಯಾಯಿತು. ಕಿಟಕಿಯ ಮೇಲೆ ಜೇನುತುಪ್ಪದ ಬಾಟಲಿಗಳು ಸಾಲಾಗಿ ನಿಂತವು.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಆ ವಾರವೆಲ್ಲ ಡ್ಯೂಟಿಯಲ್ಲೇ ಇದ್ದಳು. ಮನೆಗೆ ಬಂದು ಜೇನುತುಪ್ಪ ನೋಡಿ, ಅಮ್ಮನಿಂದ ವಿಷಯ ಕೇಳಿ, ಗಂಡನನ್ನು ಅಡುಗೆಮನೆಗೆ ಕರೆದಳು.

"ಅಮ್ಮನ ಹತ್ರ ನೀವೇ ಹೇಳ್ತೀರಾ, ನಾನು ಹೇಳ್ಲಾ?"

ತಾನೇ ಹೇಳುವುದಾಗಿ, ಹದವಾದ ಸಮಯ ನೋಡಿ ಹೇಳುವುದಾಗಿ ಅವನು ಕೈ ಹಿಡಿದು ಬೇಡಿಕೊಂಡ. ಸರಿ, ಅಲ್ಲಿಯತನಕ ತನ್ನ ಬಾಯಿಗೆ ಬೀಗ ಎಂದಳು ಅವಳು. ಹದವಾದ ಸಮಯ ಬರಲೇ ಇಲ್ಲ, ಬಂದದ್ದು ಮನೆ ಮಾಲೀಕ.

ಕೆಳಗಿನ ಮನೆಯಲ್ಲಿದ್ದ ಮಾಲೀಕ ಹಳೆಯ ಪೈಲ್ವಾನ. ಸುದ್ದಿ ಅವನ ಕಿವಿಗೂ ಬಿದ್ದಿತ್ತು. ತನ್ನ ತಲೆಯ ಮೇಲೆ ಕರಡಿ ಓಡಾಡುವುದಾದರೆ ಇವತ್ತೇ ಮನೆ ಖಾಲಿ ಮಾಡಿ ಎಂದು ಗುಡುಗಿ ಇಳಿದುಹೋದ. ಇನ್ನು ಸತ್ಯ ಹೇಳದೆ ಗತಿಯಿಲ್ಲವೆಂದು ಡಿಕ್ಷನರಿ ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಮಾಲೀಕನೇ ಮತ್ತೆ ಮೇಲೆ ಬಂದ. ಈ ಸಲ ದನಿ ಮೆತ್ತಗಿತ್ತು. ಕರಡಿಯ ತೂಕ ಎಷ್ಟಿರಬಹುದೆಂದು ಕೇಳಿದ.

"ಊರಿನ ಗಂಡಸರನ್ನೆಲ್ಲ ಚಿತ್ ಮಾಡಿ ಆಯ್ತು. ಇದೊಂದು ಆಸೆ ಉಳಿದಿತ್ತು ನೋಡಿ," ಎಂದವನ ಕಣ್ಣು ಒದ್ದೆಯಾಗಿತ್ತು. ಆ ಕಣ್ಣು ನೋಡಿದ ಮೇಲೆ ಸತ್ಯ ಹೇಳುವ ಧೈರ್ಯ ಯಾರಿಗಿದ್ದೀತು? ಸಾಧಾರಣ ತೂಕ ಎಂದುಬಿಟ್ಟ ಡಿಕ್ಷನರಿ.

ಅವರು ಬರುವ ದಿನ ಮಾಲೀಕ ಚಡ್ಡಿ ಬಿಗಿದು, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಮೆಟ್ಟಿಲ ಬುಡದಲ್ಲಿ ಬೆಳಿಗ್ಗೆಯಿಂದ ತೊಡೆ ತಟ್ಟುತ್ತ ನಿಂತಿದ್ದ. ಬೀದಿಯ ಜನ ಎದುರು ಮಹಡಿಗಳಲ್ಲಿ ಜಾಗ ಹಿಡಿದಿದ್ದರು. ಟ್ಯಾಕ್ಸಿ ಬಂದು ನಿಂತಿತು. ಮಗ ಇಳಿದ, ಸೊಸೆ ಇಳಿದಳು, ಎರಡು ಸೂಟ್‌ಕೇಸುಗಳು ಇಳಿದವು. ಮಾಲೀಕ ಬಗ್ಗಿ ಹಿಂದಿನ ಸೀಟು ನೋಡಿದ. ಡಿಕ್ಕಿ ತೆಗೆಸಿ ನೋಡಿದ. ಎಣ್ಣೆ ಸುರಿಯುವ ಆ ಬರಿಮೈ ನೋಡಿ ಸೊಸೆ ಗಂಡನ ಬೆನ್ನ ಹಿಂದೆ ಸರಿದಳು.

ಅತ್ತೆ ಮುಂದೆ ಬಂದು ಅವಳ ಕೈ ಹಿಡಿದರು. ತಿಂಗಳಿಡೀ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ, ಮೆಲ್ಲಗೆ, ಪ್ರೀತಿಯಿಂದ ಕೇಳಿದರು.

"ವೇರ್ ಇಸ್ ಯುವರ್ ಬೇರ್?"

ಸೊಸೆ ಗಂಡನ ಮುಖ ನೋಡಿದಳು. ಗಂಡ ಅಕ್ಕನ ಮುಖ ನೋಡಿದ. ಅಕ್ಕ ತನ್ನ ಗಂಡನ ಕಡೆ ತಿರುಗಿದಳು. ಮಾಲೀಕನೂ, ಎದುರು ಮಹಡಿಗಳೂ ಅತ್ತಲೇ ತಿರುಗಿದವು. ಡಿಕ್ಷನರಿಯ ಮುಖ ಹುಳ್ಳಗಾಯಿತು. ಕರಡಿ ಇಲ್ಲ, ಎಂದೂ ಇರಲಿಲ್ಲ, ಆ ಪದಕ್ಕೆ ಬೇರೆ ಅರ್ಥಗಳೂ ಇವೆ, ಗೊತ್ತಿದ್ದೂ ಹೇಳಲಿಲ್ಲ ಎಂದು ತಡವರಿಸುತ್ತ ಒಪ್ಪಿಕೊಂಡ. ಮಾಲೀಕ ಹೆಗಲ ಟವೆಲಿನಿಂದ ಎಣ್ಣೆ ಒರೆಸಿಕೊಳ್ಳುತ್ತ, ಯಾರ ಕಡೆಗೂ ನೋಡದೆ ಒಳಗೆ ಹೋದ.

ಅತ್ತೆ ಅಳಿಯನ ಹತ್ತಿರ ಬಂದು, ಹುಡುಗಿ ಮೊದಲ ದಿನ ಹೇಳಿದ್ದಕ್ಕೆ ಸರಿಯಾದ ಅರ್ಥ ಯಾವುದೆಂದು ಕೇಳಿದರು.

"ಸಹಿಸ್ಕೊಳ್ಳೋದು, ಅತ್ತೆ," ಎಂದ ಅವನು, ನೆಲ ನೋಡುತ್ತ.

ಅತ್ತೆ ಒಮ್ಮೆ ಮಗಳನ್ನೂ ಒಮ್ಮೆ ಅಳಿಯನನ್ನೂ ನೋಡಿದರು. ಮುಖದಲ್ಲಿ ಏನೋ ಬೆಳಗಿತು. ಸೊಸೆಯ ಕಡೆ ತಿರುಗಿ, ಯಾರ ಸಹಾಯವೂ ಇಲ್ಲದೆ, ಅಳಿಯನತ್ತ ಬೆರಳು ತೋರಿಸಿ ಹೇಳಿದರು.

"ಮೈ ಡಾಟರ್ ಬೇರ್ ಹಿಮ್."

ಸೊಸೆ ಬಿದ್ದು ಬಿದ್ದು ನಗತೊಡಗಿದಳು. ನಗುತ್ತಲೇ ಅತ್ತೆಯನ್ನು ಅಪ್ಪಿಕೊಂಡಳು. ನಡುವೆ ದಲ್ಲಾಳಿ ಬೇಕಾಗಲಿಲ್ಲ. ಅಷ್ಟಕ್ಕೇ ಸುಮ್ಮನಿರಬೇಕಿತ್ತು ಡಿಕ್ಷನರಿ. ಆದರೆ ಜೀವಮಾನವಿಡೀ ಕರಡು ತಿದ್ದಿದ ಕೈ, ತಡೆಯಲಾಗಲಿಲ್ಲ.

"ಬೇರ್ ಅಲ್ಲ ಅತ್ತೆ, ಬೇರ್ಸ್ ಅನ್ಬೇಕು."

ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದ ಹೆಂಡತಿ ತಿರುಗಿ ನೋಡಿದಳು.

"ಬೇರ್ಸ್ ಅಂದ್ರೆ ಬಹುವಚನ ಆಗುತ್ತೆ ಕಣ್ರೀ. ನಂಗೆ ಒಂದೇ ಸಾಕಾಗಿದೆ."